ಲಗ್ನದ ಯಜಮಾನರೂ ವಿಮೆಯ ಕಾಗದವೂ

ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡು ಕಬ್ಬು ಬೆಳೆಯುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ, ಲಗ್ನಸರಾಯಿ ಸಮೀಪಿಸಿದಂತೆ ಊರ ಕಟ್ಟೆಯ ಮೇಲೆ ಪ್ರತ್ಯಕ್ಷರಾಗುವ ಮಹನೀಯರಲ್ಲಿ ಅಗ್ರಗಣ್ಯರೆಂದರೆ ವಧುವಿನ ತಂದೆಯವರು. ತಲೆಯ ಮೇಲೆ ಬಿಳಿಯ ಟೊಪ್ಪಿಗೆ, ನೆಹರೂ ಅಂಗಿಯ ಕಿಸೆಯಲ್ಲಿ ನಾಲ್ಕು ಮಡಿಕೆಯ ಯಾದಿ, ಆ ಯಾದಿಯ ಬೆನ್ನಿಗೆ ಇನ್ನೊಂದು ಯಾದಿ. ಇಂತಹ ಸನ್ನಾಹದಲ್ಲಿ ಸಂಚರಿಸುವ ಈ ಕಾಕಾರ ಸ್ವಭಾವದ ಸಾರವೇನೆಂದರೆ, ಎತ್ತು ಕೊಳ್ಳಲು ಸಂತೆಗೆ ಹೋದರೆ ಹಲ್ಲು ಹಿಡಿದು ನೋಡಿ, ಸುಳಿ ನೋಡಿ, ನಡೆಸಿ ನೋಡಿ, ಇಪ್ಪತ್ತು ಜನರ ಅಭಿಪ್ರಾಯವನ್ನು ಕೇಳಿ, ಕಡೆಗೆ ಹಗ್ಗವನ್ನಷ್ಟೇ ಕೊಂಡು ಮನೆಗೆ ಮರಳುವುದು.

ಇಂತಹ ಕಾಕಾರ ಎದುರಿಗೆ ಈಚೆಗೆ ಒಬ್ಬ ಏಜಂಟನು ಕುಳಿತು, ಲಗ್ನಕ್ಕೆ ವಿಮೆ ಇಳಿಸಬೇಕೆಂದು ವಿನಯದಿಂದ ಬಿನ್ನವಿಸಿಕೊಂಡನು. ವಿಮೆಯೆಂಬುದು ಈ ನಾಡಿಗೆ ಹೊಸತಲ್ಲ. 1956ರ ಸೆಪ್ಟೆಂಬರ್ 1ರಂದು ಜೀವ ವಿಮಾ ನಿಗಮವು ಜನ್ಮ ತಾಳಿತು. ಎರಡು ತಿಂಗಳ ತರುವಾಯ, ನವೆಂಬರ್ 1ರಂದು, ಈ ಸೀಮೆಯು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ರಾಜ್ಯಕ್ಕಿಂತ ನಿಗಮವೇ ಈ ಜನಕ್ಕೆ ಎರಡು ತಿಂಗಳು ಹಳೆಯ ಪರಿಚಯ! ನಿಗಮದ 90ನೆಯ ಕೋಷ್ಟಕದ ಮದುವೆ ಪಾಲಿಸಿಯನ್ನು, ಮಗಳು ತೊಟ್ಟಿಲಲ್ಲಿದ್ದಾಗಲೇ ಕಾಕಾ ಮಾಡಿಸಿದ್ದರು. ಕಂತು ಕಟ್ಟುವವನು ನಡುವೆ ತೀರಿಕೊಂಡರೂ ಅವಧಿ ಮುಗಿದಾಗ ಹಣವು ಕೈಗೆ ಬರುವಂತಹ ಸಜ್ಜನ ಪಾಲಿಸಿಯದು. ಆದುದರಿಂದ ‘ಅದೆಲ್ಲಾ ಹಿಂದಽ ಮಾಡೇವಪಾ’ ಎಂದು ಅವರು ಎಲೆಗೆ ಸುಣ್ಣ ಹಚ್ಚತೊಡಗಿದರು. ಆಗ ಏಜಂಟನು, ಅದು ಲಗ್ನ ನಡೆಸುವುದಕ್ಕೆ ಕೂಡಿಟ್ಟ ಹಣವೆಂತಲೂ, ತಾನು ಹೇಳುತ್ತಿರುವುದು ಲಗ್ನ ನಿಂತುಹೋದರೆ ಬರುವ ಹಣವೆಂತಲೂ ವಿವರಿಸಿದನು. ಅಕ್ಕಿಕಾಳು ಬೀಳುವ ಮೊದಲೇ ಇಂತಹ ಮಾತೆ! ಒಳಗಿನಿಂದ ಕಾಕೂ ಬಳೆಯ ಸದ್ದು ಮಾಡಿ ತಮ್ಮ ಅಸಮ್ಮತಿಯನ್ನು ಸೂಚಿಸಿದರು. ಆದರೆ ಕಾಕಾರಿಗೆ ಕುತೂಹಲ ಹುಟ್ಟಿತ್ತು.

‘ಯಾಕ ನಿಂತ್ರ ರೊಕ್ಕಾ ಕೊಡ್ತೀರಿ?’

‘ಬೆಂಕಿ, ಬಿರುಗಾಳಿ, ಮಹಾಪೂರ, ಭೂಕಂಪ ರೀ. ಮದುಮಗಾ ಮದುಮಗಳಿಗೆ ಏನರೆ ಅಪಘಾತ ಆದ್ರ. ದಾಗಿನಾ ಕಳುವಾದ್ರನೂ ಅದಕ್ಕ ಬ್ಯಾರೆ ಕಲಂ ಐತ್ರಿ.’

‘ಬೀಗರು ಮುನಿಸ್ಕೊಂಡ್ರ?’

‘ಅದು ಬರಂಗಿಲ್ರಿ, ಕಾಕಾ.’

‘ವರನ ಸ್ವಾದರಮಾವಗ ಫೇಟಾ ಸುತ್ತೂದು ತಡಾ ಆತಂತ ಹಂದರದಾಗಿಂದ ಎದ್ದು ಹ್ವಾದ್ರ?’

‘ಅದೂ ಬರಂಗಿಲ್ರಿ.’

‘ಹುಡುಗನಽ ಒಲ್ಲೆ ಅಂದ್ರ?’

‘ತಾವಾಗಿ ಒಲ್ಲೆ ಅಂದ್ರ ಯಾವ ಕಂಪನೀನೂ ಕೊಡೂದಿಲ್ರಿ.’

‘ಹೋಗ್ಲಿ. ಕಬ್ಬಿನ ಬಿಲ್ಲು ಬರಲಿಲ್ಲಂದ್ರ?’

ಏಜಂಟನು ನಿರುತ್ತರನಾಗಿ ಚೀಲದ ಜಿಪ್ಪೆಳೆದನು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಮುಟ್ಟಿದ 14 ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ. ಈ ಕಾಯಿದೆಯನ್ನು ಬಾಯಿಪಾಠ ಹೇಳುವ ರೈತರು ಸೀಮೆಯ ತುಂಬ ಸಿಗುತ್ತಾರೆ. ಆ ಬಡ್ಡಿಯನ್ನು ಕಣ್ಣಾರೆ ಕಂಡವರನ್ನು ಹುಡುಕಬೇಕು. ಬಿಲ್ಲನ್ನೇ ನಂಬಿ ಮುಹೂರ್ತವಿಟ್ಟ ತಂದೆಗೆ ಭೂಕಂಪದ ಭಯವನ್ನು ಹುಟ್ಟಿಸುವುದು ಸುಲಭವಲ್ಲ.

ಇನ್ನು ಮಹಾಪೂರದ ಮಾತು. 2019ರ ಆಗಸ್ಟಿನಲ್ಲಿ ಹೊಳೆಗಳು ಊರೂರನ್ನೇ ಎಬ್ಬಿಸಿ ಗಂಜಿ ಕೇಂದ್ರಗಳಿಗೆ ಕಳಿಸಿದ್ದನ್ನು ಕಾಕಾ ಮರೆತವರಲ್ಲ. ಆದರೆ ಅವರ ತರ್ಕವು ಪಂಚಾಂಗವನ್ನು ಆಧರಿಸಿದುದು: ಸಹ್ಯಾದ್ರಿಯಲ್ಲಿ ಮಳೆ ಕಟ್ಟಿ, ಕೊಯ್ನೆಯ ಬಾಗಿಲು ತೆರೆದು, ಕಲ್ಲೋಳ-ಯಡೂರಿನ ಸೇತುವೆ ಮುಳುಗುವುದು ಆಷಾಢ ಶ್ರಾವಣಗಳಲ್ಲಿ, ಆಷಾಢ ಏಕಾದಶಿಯಿಂದ ತುಳಸಿ ಲಗ್ನದವರೆಗೆ ದೇವರೇ ಮಲಗಿರುವುದರಿಂದ ಮನುಷ್ಯರಿಗೂ ಮುಹೂರ್ತವಿಲ್ಲ. ಯಾವ ತಿಂಗಳಲ್ಲಿ ಗಂಡಾಂತರವೋ ಆ ತಿಂಗಳಲ್ಲಿ ಲಗ್ನವನ್ನೇ ಇಡದ ಪೂರ್ವಿಕರು, ಕಂತಿಲ್ಲದೆ ಮಾಡಿಟ್ಟ ವಿಮೆಯದು ಎಂದು ಕಾಕಾ ಹೇಳಿದಾಗ ಏಜಂಟನೂ ತಲೆದೂಗಿದನು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದುದು ಮಾತ್ರ ಲಗ್ನಸರಾಯಿಯಲ್ಲಿಯೇ. ಮಿರಜ, ಇಚಲಕರಂಜಿ, ಕೊಲ್ಹಾಪುರಗಳಲ್ಲಿ ಬೀಗತನ ಬೆಳೆಸಿದ ಮನೆಗಳಿಗೆ ಕಾಗವಾಡದ ನಾಕೆಯೂ ಕೊಗನೋಳಿಯ ನಾಕೆಯೂ ಪರದೇಶದ ಗಡಿಯಂತಾದವು. ಹಂಚಿ ಮುಗಿಸಿದ ಲಗ್ನಪತ್ರಿಕೆಗಳು ವ್ಯರ್ಥವಾಗಿ, ಐವತ್ತು ಜನರ ಮಿತಿಯಲ್ಲಿ ಯಾರನ್ನು ಬಿಡಬೇಕೆಂಬುದೇ ಮಹಾಯುದ್ಧವಾಯಿತು. ಅಂತಹ ಸಾಂಕ್ರಾಮಿಕವನ್ನು ಬಹುತೇಕ ಪಾಲಿಸಿಗಳು ಹೊರಗಿಟ್ಟಿರುತ್ತವೆಯೆಂದು ತಿಳಿದಾಗ ಕಾಕಾರ ಮುಖದಲ್ಲಿ ಗೆದ್ದವನ ಕಳೆ ಮೂಡಿತು.

ಒಂದು ವಿಷಯದಲ್ಲಿ ನಾನು ಕಾಕಾರ ಪಕ್ಷವನ್ನು ಹಿಡಿಯಲಾರೆ. ಹಂದರದ ಜರಿ ಬಟ್ಟೆ, ಅದರ ಕೆಳಗೆ ಸಾಲಾಗಿ ಸಿಲಿಂಡರುಗಳ ಮೇಲೆ ಕುದಿಯುವ ಹುಗ್ಗಿಯ ಹಂಡೆಗಳು, ಪಕ್ಕದಲ್ಲಿ ಬೆತ್ತಲೆ ತಂತಿ ಜೋಡಿಸಿದ ಜನರೇಟರು, ಅದರ ಹತ್ತಿರ ನಿಂತು ಬೀಡಿ ಹಚ್ಚುವ ಬ್ಯಾಂಡಿನವನು. ಇಷ್ಟನ್ನೂ ಒಂದೇ ನೋಟದಲ್ಲಿ ಕಂಡವನಿಗೆ ಬೆಂಕಿಯ ವಿಮೆಯಾದರೂ ಇರಲೆನ್ನಿಸದೆ ಇರದು. ವೈಶಾಖದ ಅಡ್ಡಮಳೆಯ ಗಾಳಿಗಂತೂ ಹಂದರವು ಪಕ್ಕದ ಓಣಿಗೆ ಹೋಗಿ ನಿಲ್ಲುವುದುಂಟು. ಇದನ್ನು ಹೇಳಿದರೆ ಕಾಕಾ ಎದ್ದು ಹೋಗಿ ಕಪಾಟಿನಿಂದ ಕೆಂಪು ಬಟ್ಟೆಯ ಕಟ್ಟಿನ ಮುಯ್ಯಿಯ ವಹಿಯನ್ನು ತಂದು ಬಿಚ್ಚಿದರು.

ಮೂವತ್ತು ವರ್ಷಗಳಿಂದ ಯಾರ ಲಗ್ನಕ್ಕೆ ಎಷ್ಟು ಮುಯ್ಯಿ, ಯಾರಿಗೆ ಸೀರೆ, ಯಾರಿಗೆ ಕುಪ್ಪಸದ ಖಣ, ಯಾರ ಮನೆಗೆ ಬಾಂಡೆ ಎಂದು ಬರೆದಿಟ್ಟ ಆ ವಹಿಯ ಹಾಳೆಗಳ ಮೇಲೆ ಅರಿಷಿಣದ ಬೆರಳಚ್ಚುಗಳಿದ್ದವು. ‘ಇವೆಲ್ಲಾ ನಾ ಕಟ್ಟಿದ ಕಂತು. ಹಂದರ ಹಾರಿದ್ರ ಇಷ್ಟೂ ಮನಿಯವರು ಬಂದು ಗಳಾ ಹಿಡೀತಾರ. ನಿಮ್ಮ ಕಂಪನಿಯವರು ಗಳಾ ಹಿಡ್ಯಾಕ ಬರ್ತಾರೇನು?’ ಎಂದು ಅವರು ಕೇಳಿದ ಪ್ರಶ್ನೆಗೆ ವಿಮಾಶಾಸ್ತ್ರದಲ್ಲಿ ಉತ್ತರವಿದ್ದಂತೆ ತೋರಲಿಲ್ಲ. ಆದರೂ ನಿರ್ಣಯವನ್ನು ಅಂದೇ ಕೊಟ್ಟರೆ ಕಾಕಾ ಕಾಕಾರೆನ್ನಿಸರು; ವಿಚಾರ ಮಾಡಿ ಹೇಳುವುದಾಗಿ ತಿಳಿಸಿ, ಅರ್ಜಿಯನ್ನು ವಹಿಯೊಳಗೆ ಇಟ್ಟುಕೊಂಡರು.

ಲಗ್ನವು ಮಧ್ಯಾಹ್ನದ ಮುಹೂರ್ತದಲ್ಲಿ, ಮುಹೂರ್ತಕ್ಕಿಂತ ಮುಕ್ಕಾಲು ತಾಸು ತಡವಾಗಿ ನೆರವೇರಿತು. ಸೋದರಮಾವನು ಒಮ್ಮೆ ಎದ್ದು ಹೋಗಿ ಒಮ್ಮೆ ಮರಳಿ ಬಂದನು. ಅರ್ಜಿಯ ಮೇಲೆ ಸಹಿ ಬೀಳಲೇ ಇಲ್ಲ. ಏಜಂಟನು ಕುಟುಂಬ ಸಮೇತನಾಗಿ ಬಂದು, 501 ರೂಪಾಯಿ ಮುಯ್ಯಿ ಬರೆಸಿ, ಎರಡು ಸಲ ಹುಗ್ಗಿ ಹಾಕಿಸಿಕೊಂಡು ಉಂಡುಹೋದನು. ಅವನಿಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ.