ಆಯಿ ಕಾಲಿನ ಕಲೆ

ಸುರಪುರದಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಎದೆಮಟ್ಟ ನಿಲ್ಲಿಸಿದ ಪರಸಿ ಕಲ್ಲಿನ ಸಾಲು. ಅದಕ್ಕೆ ಮೊಳಕೈ ಊರಿ ನಿಂತರೆ ಹೊತ್ತು ಮುಳುಗಿದ್ದೇ ತಿಳಿಯುವುದಿಲ್ಲ. ಮೊನ್ನೆ ಸಂಜೆ ಆ ಮನೆಯ ಹುಡುಗ ಮೊಬೈಲ್ ಹಿಡಿದು ಅಲ್ಲಿಗೇ ಬಂದ. ಪಿಯುಸಿ ಓದುತ್ತಾನೆ, ನನ್ನ ಬಯಾಲಜಿ ಕ್ಲಾಸಿನವನೇ.

"ಸರ, ಇದೊಂದ್ ನೋಡ್ರಿ."

1979ರ 'ಏಲಿಯನ್' ಸಿನಿಮಾ. ಊಟಕ್ಕೆ ಕೂತ ಮನುಷ್ಯನ ಎದೆ ಸೀಳಿಕೊಂಡು ಒಂದು ಪ್ರಾಣಿ ಹೊರಬರುವ ದೃಶ್ಯ.

"ಖರೇನ ಹಿಂಗ ಆಗ್ತದೇನ್ರಿ ಸರ? ಒಂದ್ ಜೀವದಾಗ ಇನ್ನೊಂದ್ ಜೀವ ಬೆಳದು ಹೊರಗ ಬರ್ತದೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತಿದ್ದ ಅವನ ಆಯಿ ಅಂದರು: "ಅದರಾಗೇನ್ ದೊಡ್ಡದದ? ನನ್ನ ಕಾಲಾಗಿಂದ ನಾರು ಬಂದಿತ್ತಲ್ಲ."

ಸೀರೆಯಂಚು ತುಸು ಸರಿಸಿ ತೋರಿಸಿದರು. ಹರಡಿನ ಮೇಲೆ ರೂಪಾಯಿ ಅಗಲದ ಕಲೆ, ಬೆಳ್ಳಗೆ, ನುಣ್ಣಗೆ, ನಡುವೆ ಸಣ್ಣ ಕುಳಿ.

ಆಯಿಯ ತವರು ಶಹಾಪುರದ ಕಡೆಯ ಹಳ್ಳಿ. ಊರಿಗೆಲ್ಲ ಒಂದೇ ಪಾವಟಿಗಿ ಬಾವಿ. ಕೊಡ ತುಂಬಬೇಕೆಂದರೆ ಮೊಣಕಾಲುಮಟ ನೀರಿಗಿಳಿಯಬೇಕು. "ಮೊದಲ ಗುಳ್ಳಿ ಎದ್ದಿತು. ಬೆಂಕಿ ಇಟ್ಟಂಗ ಉರಿ, ತಮ್ಮಾ. ಒಡದ ಮ್ಯಾಲ ಬಿಳೀ ದಾರದಂಗ ತುದಿ ಕಾಣಸ್ತು. ನಮ್ಮವ್ವ ಅದನ್ನ ಕಡ್ಡಿಗಿ ಸುತ್ತಿದಳು. ದಿನಾ ಒಂದೊಂದ್ ಸುತ್ತು. ಜಗ್ಗಿದರ ಹರೀತದ, ಹರದರ ಕಾಲು ಬಾತು ಕೀವಾಗ್ತದ." ಬಿತ್ತಿಗೆಯ ದಿನ, ಮನೆಮಂದಿಯೆಲ್ಲ ಹೊಲದಲ್ಲಿ. ಆಯಿ ಒಬ್ಬರೇ ಹೊರಸಿನ ಮೇಲೆ.

ಹುಡುಗ ಮೊಬೈಲ್ ಕಿಸೆಗಿಟ್ಟ. ಆಯಿ ಬಿಟ್ಟಲ್ಲಿಂದ ನಾನು ಹಿಡಿದೆ.

ಬಾವಿಯ ನೀರಿನಲ್ಲಿ ಚುಕ್ಕೆಯಷ್ಟು ದೊಡ್ಡ ಜೀವಿಯೊಂದಿದೆ, ಹೆಸರು ಸೈಕ್ಲಾಪ್ಸ್. ಅದಕ್ಕೆ ಒಂದೇ ಕಣ್ಣು. ಗ್ರೀಕ್ ಕಥೆಯ ಒಕ್ಕಣ್ಣ ರಾಕ್ಷಸನ ಹೆಸರೇ ಅದಕ್ಕೂ ಬಂತು. ನಾರುಹುಳದ ಮರಿಯನ್ನು ಅದು ನುಂಗಿರುತ್ತದೆ, ಅದನ್ನು ನಾವು ನೀರಿನ ಜೊತೆ ಕುಡಿಯುತ್ತೇವೆ. ಹೊಟ್ಟೆಯಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಮರಿ ಉಳಿಯುತ್ತದೆ. ಸುಮಾರು ಒಂದು ವರ್ಷ ಸುಳಿವೇ ಇಲ್ಲ. ಅಷ್ಟರಲ್ಲಿ ಹೆಣ್ಣುಹುಳ ಒಂದು ಮೀಟರಿನ ತನಕ ಬೆಳೆದು, ಹೆಚ್ಚಾಗಿ ಕಾಲಿನ ಚರ್ಮದಡಿಗೆ ಬಂದು ಗುಳ್ಳೆ ಎಬ್ಬಿಸುತ್ತದೆ. ಉರಿ ತಾಳಲಾರದೆ ಮನುಷ್ಯ ಕಾಲನ್ನು ನೀರಿಗಿಡುತ್ತಾನೆ. ಹುಳ ಕಾಯುತ್ತಿದ್ದದ್ದೂ ಅದಕ್ಕೇ. ನೀರು ತಾಗಿದೊಡನೆ ಲಕ್ಷಗಟ್ಟಲೆ ಮರಿ ಬಿಡುತ್ತದೆ.

ಆಯಿಯ ಕೈ ಮೊರದ ಮೇಲೆಯೇ ನಿಂತಿತು. "ಅಂದರ ನಾ ಬಾವಿಗಿಳದಾಗೆಲ್ಲ ಊರಿಗಿ ಹಂಚೀನೇನು?"

"ನಿಮಗ ಯಾರೂ ಹೇಳಿರಲಿಲ್ಲ ಆಯಿ. ನಿಮ್ಮ ತಪ್ಪಲ್ಲ."

ಆ ಪ್ರಶ್ನೆ ಇನ್ನೂ ನನ್ನ ಎದೆಯಲ್ಲಿದೆ. ಈ ರೋಗದ ಚಕ್ರವನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬಿಡಿಸಿದ್ದೇನೆ: ಹುಳ, ಬಾಣ, ನೀರು, ಬಾಣ, ಮನುಷ್ಯ. ಮಕ್ಕಳು ಅದನ್ನೇ ಬಿಡಿಸಿ ಅಂಕ ತಗೊಂಡಿದ್ದಾರೆ. ಆ ಬಾಣಗಳಲ್ಲಿ ಒಂದರ ತುದಿಗೆ ಕೊಡ ಹೊತ್ತ ಹುಡುಗಿಯೊಬ್ಬಳಿದ್ದಾಳೆ ಎಂದು ಹೇಳದ ಹೊರತು ಪಾಠ ಮುಗಿಯುವುದಿಲ್ಲ.

ಈ ರೋಗಕ್ಕೆ ಗುಳಿಗೆಯೂ ಇಲ್ಲ, ಲಸಿಕೆಯೂ ಇಲ್ಲ. ನೀರನ್ನು ಅರಿವೆಯಲ್ಲಿ ಸೋಸಿದರು, ಬೋರ್‌ವೆಲ್ ಕೊರೆದರು, ಬಾವಿಗಳಿಗೆ ಸೈಕ್ಲಾಪ್ಸ್ ಸಾಯುವ ಔಷಧಿ ಹಾಕಿದರು, ಹುಣ್ಣಾದವರು ನೀರಿಗಿಳಿಯದಂತೆ ನೋಡಿಕೊಂಡರು. 1984ರಲ್ಲಿ ದೇಶದಲ್ಲಿ ಸುಮಾರು 40 ಸಾವಿರ ಜನಕ್ಕೆ ನಾರುಹುಣ್ಣಿತ್ತು. ನಮ್ಮ ಕರ್ನಾಟಕವೂ ಅದರಲ್ಲಿ ನರಳಿದ ರಾಜ್ಯ. 1996ರಲ್ಲಿ ರಾಜಸ್ಥಾನದಲ್ಲಿ ಕಂಡದ್ದೇ ಕೊನೆಯದು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಹುಣ್ಣಿನಿಂದ ಮುಕ್ತವಾಯಿತೆಂದು ಸಾರಿತು. ಚಕ್ರದಲ್ಲಿ ಒಂದು ಕೊಂಡಿ ಎಲ್ಲಿ ಕಳಚಬೇಕೆಂದು ತಿಳಿದದ್ದೇ ಮದ್ದಾಯಿತು.

ಮಕ್ಕಳು ಸಿನಿಮಾ ನೋಡಿ ಕೆಡುತ್ತಾರೆಂದು ಅನೇಕ ಮೇಷ್ಟ್ರುಗಳು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹುಡುಗನ ಬಾಯಲ್ಲಿ "ಖರೇನ?" ಎಂಬ ಮಾತು ಹುಟ್ಟಿಸಿದ್ದು ಸಿನಿಮಾವೇ. ಅದು ಹೆದರಿಸಿ ಅಲ್ಲಿಗೇ ನಿಲ್ಲುತ್ತದೆ. ಆ ಹೆದರಿಕೆಯ ಕೈಹಿಡಿದು ಬಾವಿಯ ಕೊನೆಯ ಪಾವಟಿಗಿಯ ತನಕ ಕರೆದೊಯ್ಯುವುದು ನಮ್ಮ ಕೆಲಸ. ಮರುದಿನ ಕ್ಲಾಸಿನಲ್ಲಿ ಪುಸ್ತಕ ಮುಚ್ಚಿಸಿ ಹೇಳಿದೆ: "ಮನ್ಯಾಗ ಆಯಿ, ಮುತ್ಯಾ ಇದ್ದರ ನಾರಿನ ಬಗ್ಗಿ ಕೇಳಿ ಬರ್ರಿ."

ಆಯಿ ಇವತ್ತಿಗೂ ಕೊಡದ ಬಾಯಿಗೆ ಅರಿವೆ ಕಟ್ಟಿಯೇ ನಲ್ಲಿ ನೀರು ಹಿಡಿಯುತ್ತಾರೆ. ಹಳೇ ಚಾಳಿ ಎಂದು ಹುಡುಗ ನಗುತ್ತಿದ್ದ. ಆ ಸಂಜೆ ನೀರು ಬಂದಾಗ ಪರಸಿ ಕಲ್ಲಿನ ಆಚೆ ನೋಡಿದೆ. ಅವನೇ ಅರಿವೆಯನ್ನು ಎರಡು ಮಡಿಕೆ ಮಾಡಿ ಕೊಡಕ್ಕೆ ಕಟ್ಟುತ್ತಿದ್ದ.