ಮಂದಗಣಕ ಮೀಮಾಂಸೆ: ಕಾಸು ಬಿಚ್ಚದ ವೇಗವರ್ಧನೆಯ ತಾತ್ವಿಕ ನೆಲೆಗಳು

ಪ್ರಸ್ತುತ ಪ್ರಬಂಧವು ಗೃಹಗಣಕದ ಮಾಂದ್ಯವನ್ನು ಕೇವಲ ಯಾಂತ್ರಿಕ ವಿದ್ಯಮಾನವೆಂದು ಭಾವಿಸದೆ, ಕಾಲ, ಬಂಡವಾಳ ಮತ್ತು ತಾಳ್ಮೆಗಳ ಬಹುಸ್ತರೀಯ ಸಂಕಥನವಾಗಿ ಮುಖಾಮುಖಿಯಾಗುವ ನೆಲೆಯಲ್ಲಿ ಹೊರಟಿದೆ. ಅಧ್ಯಯನದ ವ್ಯಾಪ್ತಿ: ನಡುಮನೆಯ ಮೂಲೆಯ ಮೇಜು. ಮಿತಿ: ಒಂದು ಪೈಸೆಯನ್ನೂ ಖರ್ಚು ಮಾಡತಕ್ಕದ್ದಲ್ಲ. ಪರಿಕಲ್ಪನಾತ್ಮಕ ಚೌಕಟ್ಟು ಇರಲೇಬೇಕೆಂದು ಮಾರ್ಗದರ್ಶಕರು ವಿಧಿಸಿದ್ದರಿಂದ ಅದೂ ಇದೆ. ಏನೆಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ.

ಮಾಂದ್ಯವು ಚತುರ್ವಿಧ: ಪ್ರಾರಂಭಿಕ, ಸಂಚಿತ, ಔಷ್ಣಿಕ, ಆರೋಪಿತ.

ಮೊದಲು ಪೂರ್ವಪಕ್ಷ. ಕಂಪ್ಯೂಟರ್ ಆನ್ ಮಾಡಿದೊಡನೆ ಮೌಸಿನ ಬಲಗುಂಡಿ ಒತ್ತಿ, ಆಚಮನದಂತೆ ಮೂರು ಬಾರಿ ‘ರಿಫ್ರೆಶ್’ ಮಾಡಿದರೆ ಯಂತ್ರ ಚುರುಕಾಗುವುದೆಂದು ರಿಫ್ರೆಶ್‌ವಾದಿಗಳ ಮತ. ಕಂಪ್ಯೂಟರ್ ಕ್ಲಾಸುಗಳಲ್ಲಿ ಗುರುಮುಖೇನ ಹರಡಿದ ಈ ಕರ್ಮದ ಫಲ ಇಷ್ಟೇ: ಪರದೆಯ ಮೇಲಿನ ಐಕಾನುಗಳು ಇನ್ನೊಮ್ಮೆ ಮೂಡುತ್ತವೆ. ರಿಜಿಸ್ಟ್ರಿಶುದ್ಧಿವಾದಿಗಳು ಇನ್ನೂ ಅಪಾಯಕಾರಿಗಳು. ರಿಜಿಸ್ಟ್ರಿ ಶುಚಿಗೊಳಿಸುವ ಸಾಧನಗಳಿಗೆ ತನ್ನ ಬೆಂಬಲವಿಲ್ಲವೆಂದು ಮೈಕ್ರೋಸಾಫ್ಟೇ ಹೇಳಿದೆ.

ಈಗ ಸಿದ್ಧಾಂತ, ಪ್ರಾರಂಭಿಕ ಮಾಂದ್ಯದಿಂದ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಕೀಲಿತ್ರಯವನ್ನು ಏಕಕಾಲದಲ್ಲಿ ಅದುಮಲು ಟಾಸ್ಕ್ ಮ್ಯಾನೇಜರ್ ಪ್ರತ್ಯಕ್ಷವಾಗುತ್ತದೆ. ಅದರ ಸ್ಟಾರ್ಟಪ್ ವಿಭಾಗದಲ್ಲಿ ಕರೆಯದೆ ಬಂದು ಕೂತವರ ಪಟ್ಟಿಯಿದೆ: ಎಂದೋ ಒಂದು ಮೀಟಿಂಗಿಗೆಂದು ಹಾಕಿಕೊಂಡ ವಿಡಿಯೊ ಆ್ಯಪ್, ಮಗ ಬಿಟ್ಟುಹೋದ ಆಟದ ಲಾಂಚರ್, ಪ್ರಿಂಟರ್ ಗುಜರಿಗೆ ಹೋದ ಮೇಲೂ ಉಳಿದ ಪ್ರಿಂಟರ್ ಸಹಾಯಕ. ಇವೆಲ್ಲವನ್ನೂ ಡಿಸೇಬಲ್ ಮಾಡಿ. ಆಂಟಿವೈರಸ್ ಇರಲಿ, ಎರಡಿದ್ದರೆ ಒಂದನ್ನು ಕಿತ್ತುಹಾಕಿ, ಒಂದೇ ಫೈಲನ್ನು ಇಬ್ಬರು ತಪಾಸಣೆ ಮಾಡುವುದು ಬೇಡ. ನಿಜ ಹೇಳಬೇಕೆಂದರೆ ಹೆಚ್ಚಿನ ಮನೆಗಳಲ್ಲಿ ಲಾಭ ಸಿಗುವುದೇ ಇಲ್ಲಿ. ಮುಂದಿನ ಎರಡು ವರ್ಗಗಳು ಪುಟ ತುಂಬಿಸಲು ಬಂದಿವೆ.

ಸಂಚಿತಮಾಂದ್ಯ: ಸಿ ಡ್ರೈವ್ ತುಂಬಿ ತುಳುಕುವುದು, ನಾಳೆ ಓದೋಣವೆಂದು ತೆರೆದಿಟ್ಟ ಟ್ಯಾಬುಗಳು ಮೆಮೊರಿ ಹಿಡಿದು ಕೂರುವುದು. ಟೆಂಪ್ ಫೈಲುಗಳನ್ನು ಅಳಿಸಿ, ಟ್ಯಾಬು ಮುಚ್ಚಿ. ತಿರುಗುವ ಹಾರ್ಡ್‌ಡಿಸ್ಕಿಗೆ ಡಿಫ್ರಾಗ್ ಸರಿ, ಎಸ್‌ಎಸ್‌ಡಿಗೆ ಬೇಡ.

ಔಷ್ಣಿಕಮಾಂದ್ಯವೆಂದರೆ ಧೂಳು. ಕಾವೇರಿದ ಪ್ರೊಸೆಸರ್ ತನ್ನ ಜೀವ ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಪ್ಲಗ್ ಕಿತ್ತು, ಫ್ಯಾನ್ ತಿರುಗದಂತೆ ಬೆರಳಿಟ್ಟು, ಬ್ರಷ್ಷಿನಿಂದ ಗುಡಿಸಿದರಾಯಿತು. ಔಷ್ಣಿಕವಂತೆ!

ಸಾಕು ಈ ವರ್ಗೀಕರಣ. ನಾಲ್ಕನೆಯದರಲ್ಲಿ ಯಂತ್ರದ್ದು ತಪ್ಪೇ ಇಲ್ಲ. ವಿಂಡೋಸ್ 95ಕ್ಕೆ ಕನಿಷ್ಠ 4 ಎಂಬಿ ಮೆಮೊರಿ ಸಾಕಿತ್ತು. ವಿಂಡೋಸ್ 11 ಕೇಳುವ ಕನಿಷ್ಠ 4 ಜಿಬಿ, ಅಂದರೆ 1024 ಪಟ್ಟು. ಅಂದು ಅದರಲ್ಲಿ ಅರ್ಜಿ ಟೈಪ್ ಮಾಡುತ್ತಿದ್ದೆವು. ಇಂದೂ ಅರ್ಜಿಯನ್ನೇ. ಯಂತ್ರ ಚುರುಕಾಗುವುದಕ್ಕಿಂತ ಬೇಗ ತಂತ್ರಾಂಶ ಜಡವಾಗುತ್ತಿದೆ ಎಂದು ಸ್ವಿಸ್ ವಿಜ್ಞಾನಿ ನಿಕ್ಲಾಸ್ ವಿರ್ತ್ 1995ರಲ್ಲೇ ದೂರಿದ್ದರು. ಕೇಳಿಸಿಕೊಂಡವರು ಯಾರು? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಬಹುಮಟ್ಟಿಗೆ 8ನೇ ಅಥವಾ ನಂತರದ ತಲೆಮಾರಿನ ಪ್ರೊಸೆಸರೇ ಆಗಬೇಕು. ಲಾಕ್‌ಡೌನಿನಲ್ಲಿ ಮಗಳ ಆನ್‌ಲೈನ್ ಪಾಠಕ್ಕೆಂದು ಸಾಲ ಮಾಡಿ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತಂದ ಮನೆಗೆ ಹೋಗಿ ಈ ತಲೆಮಾರಿನ ಲೆಕ್ಕ ಹೇಳಿ ನೋಡೋಣ. ಕೀಲಿ ಸವೆದಿಲ್ಲ, ಪರದೆ ಒಡೆದಿಲ್ಲ. ಆದರೂ ಅದು ‘ಅನರ್ಹ’. ಗುಜರಿಯವನು ಕೂಡ ತೂಗಿ ನೋಡಿ ಬೆಲೆ ಹೇಳುತ್ತಾನೆ!

ಅಂಥ ಮನೆಯವರು ಲಿನಕ್ಸ್ ಮಿಂಟನ್ನೋ ಲುಬುಂಟುವನ್ನೋ ಪೆನ್‌ಡ್ರೈವಿಗೆ ಇಳಿಸಿಕೊಳ್ಳಲಿ, ಎರಡೂ ಪುಕ್ಕಟೆ. ಡಿಸ್ಕಿಗೆ ಕೈಹಚ್ಚದೆ ಪೆನ್‌ಡ್ರೈವಿನಿಂದಲೇ ಓಡಿಸಿ ಪರೀಕ್ಷಿಸಬಹುದು. ಆಮೇಲೆ ಒಳಗೆ ಹಾಕುವ ಮುನ್ನ ಫೋಟೊಗಳನ್ನು ಬೇರೆ ಕಡೆ ತೆಗೆದಿಡಿ. ಅಪ್ಪ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟ ಫೈಲುಗಳಿದ್ದರೆ ಅವನ್ನು ಯೂನಿಕೋಡಿಗೆ ಬದಲಿಸಿಕೊಳ್ಳಿ, ಪರಿವರ್ತಕಗಳೂ ಪುಕ್ಕಟೆಯೇ. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಅಲ್ಲಿ ಎಕ್ಸ್‌ಚೇಂಜ್ ಆಫರ್ ನಡೆಯುತ್ತಿರುತ್ತದೆ.