ರೋಬೋಟಿಗೂ ಕಾಲು ಮುರಿಯಲಿ

ನೂರು ಟನ್ ತೂಗುವ ರೋಬೋಟು ಮಂಡಿಗೆ ಕ್ಷಿಪಣಿ ತಿಂದೂ ಏನೂ ಆಗಿಲ್ಲವೆಂಬಂತೆ ಓಡುವ ವಿಡಿಯೋ ಗೇಮ್ ನೋಡಿದಾಗ, ಅದಕ್ಕೆ ಕಾಲಾದರೂ ಏಕೆ ಕೊಟ್ಟರು ಎನಿಸುತ್ತದೆ. ನಾಲ್ಕು ಚಕ್ರ ಸಾಕಿತ್ತು. 1984ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಬ್ಯಾಟಲ್‌ಟೆಕ್’ ಎಂಬ ರೋಬೋಟು ಕಾಳಗದ ದಾಳದಾಟ ಈ ವಿಷಯದಲ್ಲಿ ಪ್ರಾಮಾಣಿಕ. ಅಲ್ಲಿ ಸೊಂಟದ ಕೀಲಿಗೆ ಪೆಟ್ಟು ಬಿದ್ದರೆ ನಡಿಗೆ ಅರ್ಧಕ್ಕಿಳಿಯುತ್ತದೆ. ಕಾಲೇ ಹೋದರೆ ದೊಪ್ಪನೆ ಬೀಳಬೇಕು. ಬಿದ್ದದ್ದಕ್ಕೆ ಹತ್ತು ಟನ್ನಿಗೊಂದು ಅಂಕದಂತೆ ಪೆಟ್ಟು ಬೇರೆ. ದಪ್ಪಗಿದ್ದವರಿಗೆ ದಂಡ ಜಾಸ್ತಿ!

“ಇಡೀ ರೋಬೋಟೇ ಸುಳ್ಳು, ಕಾಲಿಗೆ ಮಾತ್ರ ಏಕೆ ಸತ್ಯದ ಹಟ?” ಎನ್ನುವವರಿದ್ದಾರೆ. ನಿಜ, ಎತ್ತರ ಇಮ್ಮಡಿಯಾದರೆ ಕಾಲಿನ ಬಲ ನಾಲ್ಕು ಪಟ್ಟು, ಹೊರಬೇಕಾದ ತೂಕ ಎಂಟು ಪಟ್ಟು. ದೈತ್ಯರ ಈ ಸಂಕಟವನ್ನು ಗೆಲಿಲಿಯೋ 1638ರಲ್ಲೇ ಬರೆದಿಟ್ಟಿದ್ದ. ಆ ಒಂದು ಸುಳ್ಳನ್ನು ಕಾಸು ಕೊಟ್ಟೇ ಒಪ್ಪಿಕೊಂಡಿದ್ದೇವೆ. ಆದರೆ ತೂಕ ನೂರು ಟನ್ ಎಂದು ಬಾಯಿಬಿಟ್ಟು ಹೇಳಿದ ಮೇಲೆ, ಆ ತೂಕ ಎಲ್ಲೋ ಒಂದು ಕಡೆ ನೋಯಲೇಬೇಕಲ್ಲ?

ಎಲ್ಲರೂ ಕಾಲಿಗೇ ಗುಂಡು ಹೊಡೆದರೆ ಆಟ ಕೆಡುತ್ತದೆ ಎಂಬ ತಕರಾರು ಮಾತ್ರ ಗಟ್ಟಿಯಾದದ್ದು. ದಾಳದಾಟದಲ್ಲಿ ಈ ಭಯವಿಲ್ಲ, ಪೆಟ್ಟು ಎಲ್ಲಿ ಬೀಳಬೇಕೆಂದು ದಾಳವೇ ಹೇಳುತ್ತದೆ: ಎದುರಿನಿಂದ ಹೊಡೆದಾಗ ಎರಡು ದಾಳಗಳ 36 ಸಾಧ್ಯತೆಗಳಲ್ಲಿ ಕಾಲುಗಳ ಪಾಲಿಗೆ ಬರುವುದು ಎಂಟೇ. ಗುರಿಯಿಟ್ಟು ಹೊಡೆಯುವ ‘ಮೆಕ್‌ವಾರಿಯರ್ ಆನ್‌ಲೈನ್’ ಎಂಬ ವಿಡಿಯೋ ಗೇಮ್ ಬೇರೆ ಉಪಾಯ ಹೂಡಿತು: ಒಂದು ಕಾಲು ಹೋದರೆ ಕುಂಟು, ಎರಡೂ ಹೋದರೆ ಕೈಲಾಸ. ಕುಂಟುವ ರೋಬೋಟಿನ ಫಿರಂಗಿಗಳಿಗೇನೂ ಕುಂಟಿಲ್ಲ. ಕಾಲನ್ನೇ ಹುಡುಕಿ ಹೊಡೆದವನು ಅವುಗಳಿಗೆ ಎದೆಯೊಡ್ಡಿಯೇ ನಿಂತಿರುತ್ತಾನೆ.